ಪುಟ್ಟಬಸಪ್ಪನೋ, ಕಲ್ಯಾಣಸ್ವಾಮಿಯೋ? ಕಚೇರಿಯ ಕಾಗದಗಳಲ್ಲಿ ವ್ಯಕ್ತಿನಿರ್ಣಯದ ವಿಚಾರ

ಕ್ರಿ. ಶ. ೧೮೩೭ನೆಯ ಇಸವಿ ಏಪ್ರಿಲ್ ತಿಂಗಳ ೫ನೆಯ ದಿನ ಮಂಗಳೂರನ್ನು ಹೊಕ್ಕ ದಂಡಿನ ಮುಂದಾಳು ಯಾರು? ಪ್ರಶ್ನೆಯು ನೋಡುವುದಕ್ಕೆ ಸುಲಭವಾಗಿದೆ. ಜನರ ಬಾಯಲ್ಲಿ ಅವನು ಕಲ್ಯಾಣಪ್ಪ. ಆ ದಂಗೆಗೆ ಇಂದಿಗೂ ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಹೆಸರು. ಆಂಗ್ಲೇಯರ ಬರೆಹಗಳಲ್ಲಿ ಅವನು ಕಲ್ಯಾಣಸ್ವಾಮಿಯೆಂದು ನಟಿಸಿದ ಪುಟ್ಟಬಸಪ್ಪನೆಂಬ ವಂಚಕ. ಕನ್ನಡ ಕಾದಂಬರಿಯಲ್ಲಿ ಅವನು ಕಥಾನಾಯಕ. ಒಬ್ಬನನ್ನು ಹಲವು ಹೆಸರುಗಳಿಂದ ಕರೆದಿದ್ದರೆ ಅವನು ಒಬ್ಬನೇ ಎಂಬುದನ್ನು ಸಾಧಿಸಬೇಕು. ಹಲವರನ್ನು ಒಂದೇ ಹೆಸರಿನಿಂದ ಕರೆದಿದ್ದರೆ ಅವರು ಬೇರೆ ಬೇರೆ ಎಂಬುದನ್ನು ಸಾಧಿಸಬೇಕು. ಇಲ್ಲಿ ಎರಡು ತೊಡಕುಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. ಈ ವಿಷಯವಾಗಿ ಬರೆದವರಲ್ಲಿ ಹೆಚ್ಚಿನವರು ದಂಗೆಯು ಸ್ವಾತಂತ್ರ್ಯಸಂಗ್ರಾಮವೋ ಅಲ್ಲವೋ ಎಂಬ ವಾದದಲ್ಲಿ ತೊಡಗಿ, ವಾದಕ್ಕೆ ಆಧಾರವಾದ ಕಾಗದಗಳ ಸ್ವರೂಪವೇನು ಎಂಬುದನ್ನು ಬದಿಗಿರಿಸಿದ್ದಾರೆ. ಪ್ರಮಾಣಪರೀಕ್ಷೆಯಿಲ್ಲದೆ ಪ್ರಮೇಯವನ್ನು ಹೇಳುವುದು ಶಾಸ್ತ್ರಕ್ಕೆ ಒಪ್ಪುವುದಿಲ್ಲ, ಚರಿತ್ರೆಗೂ ಒಪ್ಪಬಾರದು.

ಮೊದಲು ಸೀಮೆಯ ಪರಿಚಯವಾಗಬೇಕು. ಈಗಿನ ಕಡಬ ತಾಲೂಕಿನ ನೆಟ್ಟಣದಲ್ಲಿ ಸುಬ್ರಹ್ಮಣ್ಯ ರೋಡ್ ಎಂಬ ರೈಲು ನಿಲ್ದಾಣವಿದೆ. ಕುಕ್ಕೆಗೆ ಹೋಗುವ ಯಾತ್ರಿಕರು ಇಳಿಯುವುದು ಅಲ್ಲಿಯೇ. ಅಲ್ಲಿಂದ ಒಂದು ಬದಿಗೆ ಕುಲ್ಕುಂದ, ಕುಕ್ಕೆ, ಬಿಸಿಲೆಯ ಘಟ್ಟ. ಇನ್ನೊಂದು ಬದಿಗೆ ಪಂಜ, ಬೆಳ್ಳಾರೆ, ಸುಳ್ಯ. ಮತ್ತೊಂದು ಬದಿಗೆ ಕಡಬ, ಪುತ್ತೂರು, ಉಪ್ಪಿನಂಗಡಿ. ಘಟ್ಟದ ಮೇಲಿನ ಅರಸೊತ್ತಿಗೆಗೂ ಕೆಳಗಿನ ಕಡಲಕರೆಗೂ ನಡುವೆ ಈ ನಾಡು ಹೊಸ್ತಿಲಿನಂತೆ ಬಿದ್ದುಕೊಂಡಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಜಿಲ್ಲೆಯು ಕಂಪೆನಿಯವರ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಅದೇ ಕಾಲದ ರಾಜಕೀಯ ಕೊಡುಕೊಳೆಗಳಲ್ಲಿ ಪಂಜ, ಬೆಳ್ಳಾರೆ, ಅಮರ ಸುಳ್ಯದ ಕಡೆಯ ಮಾಗಣೆಗಳು ಕೊಡಗಿನ ವೀರರಾಜೇಂದ್ರನ ಆಳ್ವಿಕೆಗೆ ಬಂದುವು. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಕಂಪೆನಿಯವರು ವಶಪಡಿಸಿಕೊಂಡಾಗ ಈ ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು. ಊರು ಕದಲಲಿಲ್ಲ, ಗದ್ದೆ ಕದಲಲಿಲ್ಲ. ಕದಲಿದ್ದು ಲೆಕ್ಕದ ಪುಸ್ತಕ. ಮಡಿಕೇರಿಯ ಅರಮನೆಗೆ ಧಾನ್ಯರೂಪದಲ್ಲಿ ಕಂದಾಯವನ್ನು ಸಲ್ಲಿಸುತ್ತಿದ್ದ ರೈತನು ಮಂಗಳೂರಿನ ಕಚೇರಿಗೆ ನಗದು ಹಣವನ್ನು ತರಬೇಕಾಯಿತು. ಹಣವು ಹುಟ್ಟುವುದು ಸಾಹುಕಾರನ ಪೆಟ್ಟಿಗೆಯಲ್ಲಿ, ಧಾನ್ಯವು ಹುಟ್ಟುವುದು ಗದ್ದೆಯಲ್ಲಿ. ದಂಗೆಯ ಮೂಲವನ್ನು ಮಿಶನರಿ ಲೇಖಕರು ಕೂಡ ಈ ಬದಲಾವಣೆಯಲ್ಲಿಯೇ ಕಂಡಿದ್ದಾರೆಂಬುದು ಗಮನಾರ್ಹ.

ಹೊರದೇಶದ ಒಂದು ಪದ್ಧತಿಯನ್ನು ಇಲ್ಲಿ ಹೋಲಿಸಿ ನೋಡುವುದು ಉಪಯುಕ್ತ. ಉತ್ತರ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಹದಿನೇಳನೆಯ ಶತಮಾನದ ಆಂಗ್ಲ ವಲಸೆಗಾರರನ್ನು ಕುರಿತು ಅಲ್ಲಿನ ವಿದ್ವಾಂಸರು ನಡೆಸಿದ ಶೋಧವು ಪ್ರಸಿದ್ಧವಾಗಿದೆ. ೧೬೩೯ರಷ್ಟು ಮುಂಚೆಯೇ ಅಲ್ಲಿ ಜನನ, ವಿವಾಹ, ಮರಣಗಳನ್ನು ದಾಖಲಿಸಬೇಕೆಂಬ ಆಜ್ಞೆಯಾಗಿತ್ತು. ಊರಿನ ಪುಸ್ತಕದಲ್ಲಿ ಹೊಲದ ಹಂಚಿಕೆ, ಬೇಲಿಯ ತಗಾದೆ, ಪಂಚಾಯತಿಯ ನೇಮಕಗಳು ಇರುತ್ತಿದ್ದುವು. ಎಸೆಕ್ಸ್ ಪ್ರಾಂತದ ತ್ರೈಮಾಸಿಕ ನ್ಯಾಯಸ್ಥಾನಗಳ ೧೬೩೬ರಿಂದಾಚಿನ ಕಾಗದಗಳು ೧೯೧೧ರಿಂದ ಸಂಪುಟರೂಪವಾಗಿ ಅಚ್ಚಾದುವು. ಅಲ್ಲಿ ಒಬ್ಬ ಸಾಮಾನ್ಯ ಬಡಗಿಯು ಒಮ್ಮೆ ಸಾಕ್ಷಿಯಾಗಿ, ಒಮ್ಮೆ ಸಾಲಗಾರನಾಗಿ, ಒಮ್ಮೆ ಪಂಚನಾಗಿ, ಒಮ್ಮೆ ದೇವಾಲಯಕ್ಕೆ ಬಾರದೆ ದಂಡ ತೆತ್ತವನಾಗಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಅವನ ಹೆಸರನ್ನು ಹತ್ತು ಬಗೆಯಾಗಿ ಬರೆದಿದ್ದರೂ ಹೊಲದ ಎಲ್ಲೆ, ಹೆಂಡತಿಯ ಹೆಸರು, ಕೈಗುರುತು ಇವುಗಳ ಸಹಾಯದಿಂದ ಅವನು ಇವನೇ ಎಂದು ನಿಶ್ಚಯಿಸಬಹುದು. ನೆಲಕ್ಕೆ ಮನುಷ್ಯನು ಬಂದನು, ಬಂದವನು ತನ್ನ ಹೆಸರನ್ನು ತಾನೇ ಪುಸ್ತಕದಲ್ಲಿ ಬರೆಯಿಸಿದನು. ಅಮರ ಸುಳ್ಯದಲ್ಲಿ ನಡೆದದ್ದು ಇದಕ್ಕೆ ಸಂಪೂರ್ಣ ವಿಪರೀತ. ಇಲ್ಲಿ ಮನುಷ್ಯನು ಮೊದಲೇ ನೆಲೆಸಿದ್ದನು. ಪುಸ್ತಕವು ಅವನ ಮೇಲೆ ಬಂದು ನೆಲೆಸಿತು. ಅದು ಅವನನ್ನು ಕಾಣುವುದು ಎರಡೇ ಎಡೆಗಳಲ್ಲಿ: ಕಂದಾಯ ಬಾಕಿಯಾದಾಗ, ಅಪರಾಧವಾದಾಗ. ಆದಕಾರಣ ಅಲ್ಲಿನ ಶೋಧಪದ್ಧತಿಯನ್ನು ಇಲ್ಲಿಗೆ ಹಾಗೆಯೇ ತಂದರೆ ಫಲವು ಸಿಕ್ಕದು. ಹತ್ತು ಕಾಗದಗಳಲ್ಲಿ ಹತ್ತು ಸಲ ಕಂಡವನನ್ನು ಗುರುತಿಸುವುದು ಬೇರೆ. ಒಂದೇ ಸಲ, ಅದೂ ಶತ್ರುವಿನ ಲೇಖನಿಯಲ್ಲಿ ಕಂಡವನನ್ನು ಗುರುತಿಸುವುದು ಬೇರೆ.

ಕಾಗದಗಳು ಇಷ್ಟು ವಿರಳವಾಗುವುದಕ್ಕೆ ದಂಗೆಯೇ ಒಂದು ಕಾರಣವೆಂಬುದು ವಿಚಿತ್ರ. ಸುಳ್ಯದ ಕಡೆಯಿಂದ ಹೊರಟ ಜನರು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು, ಪಾಣೆಮಂಗಳೂರು, ಬಂಟವಾಳಗಳ ಮಾರ್ಗವಾಗಿ ಮಂಗಳೂರಿಗೆ ಬಂದರು. ಸೆರೆಮನೆಯ ಬಾಗಿಲು ತೆರೆಯಿತು. ಸರಕಾರದ ಕಚೇರಿಯೂ ಕೆಲವು ದೊರೆಗಳ ಮನೆಗಳೂ ಬೆಂಕಿಗೆ ಆಹುತಿಯಾದುವು. ಬಾವುಟಗುಡ್ಡದ ಮೇಲೆ ದಂಗೆಯವರ ಬಾವುಟವೇರಿತೆಂದೂ ಹದಿಮೂರು ದಿನ ಅವರ ಆಳ್ವಿಕೆಯು ನಡೆಯಿತೆಂದೂ ವಾಡಿಕೆ. ಕಣ್ಣಾನೂರಿನಿಂದ ಬಂದ ಕಂಪೆನಿಯ ದಂಡಿನೆದುರು ಅದು ನಿಲ್ಲಲಿಲ್ಲ. ಕಚೇರಿಯು ಉರಿದಾಗ ಅದರಲ್ಲಿದ್ದ ಕಾಗದಗಳೂ ಉರಿದುವು. ರೈತನ ಮಟ್ಟಿಗೆ ಕಚೇರಿಯೆಂದರೆ ಬಾಕಿಯ ಪಟ್ಟಿ. ಅದನ್ನು ಸುಡುವುದರಲ್ಲಿ ಅವನಿಗೆ ಸಂತೋಷವಿದ್ದಿರಬೇಕು. ಆದರೆ ಅವನ ತಂದೆಯ ಹೆಸರು, ಅವನ ವರ್ಗದ ಸಂಖ್ಯೆ, ಅವನು ಹಿಂದೆ ಕೊಟ್ಟ ಅರ್ಜಿ ಇವುಗಳೂ ಅಲ್ಲಿಯೇ ಇದ್ದುವು. ಹೀಗಾಗಿ ಉಳಿದು ಬಂದಿರುವ ಸಾಹಿತ್ಯದ ಬಹುಭಾಗವು ಬೆಂಕಿಯ ಅನಂತರ ಬರೆದದ್ದು, ಮಂಗಳೂರಿನಿಂದ ಮದರಾಸಿಗೆ ಹೋದದ್ದು, ಸೋತವರನ್ನು ಕುರಿತು ಗೆದ್ದವರು ಹೇಳಿದ್ದು. ಮದರಾಸು ಸರಕಾರದ ನ್ಯಾಯಶಾಖೆಯ ಸಂಪುಟಗಳು ಇಂದು ಚೆನ್ನೈಯ ಪತ್ರಾಗಾರದಲ್ಲಿಯೂ ಲಂಡನ್ನಿನ ಗ್ರಂಥಾಲಯದಲ್ಲಿಯೂ ಇವೆ. ಅವುಗಳಿಗೆ ಹಿಂದಿನ ಮಾತೃಕೆಯೆನಿಸುವ ಸ್ಥಳದ ಕನ್ನಡ ಕಾಗದಕ್ಕೂ ಅವುಗಳಿಗೂ ನಡುವೆ ಭಾಷಾಂತರಕಾರನು ನಿಂತಿದ್ದಾನೆ.

ಅಚ್ಚಾದ ಗ್ರಂಥಗಳಲ್ಲಿ ಮೊದಲನೆಯದಾಗಿ ಎಣಿಸತಕ್ಕದ್ದು ಹೆರ್ಮನ್ ಮೋಗ್ಲಿಂಗನು ೧೮೫೫ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದ ಕೊಡಗಿನ ವೃತ್ತಾಂತ. ಎರಡನೆಯದು ಮಡಿಕೇರಿಯಲ್ಲಿದ್ದ ರಿಕ್ಟರನು ೧೮೭೦ರಲ್ಲಿ ಹೊರತಂದ ಕೊಡಗಿನ ಕೈಪಿಡಿ. ಮೋಗ್ಲಿಂಗನೆಂದರೆ ಕನ್ನಡ ವಿದ್ವಾಂಸರಿಗೆ ಅಪರಿಚಿತನಲ್ಲ. ೧೮೪೩ರ ‘ಮಂಗಳೂರ ಸಮಾಚಾರ’ವೂ ಪ್ರಾಚೀನ ಕನ್ನಡ ಗ್ರಂಥಗಳ ಶಿಲಾಮುದ್ರಣವೂ ಅವನ ಕೀರ್ತಿಯನ್ನು ಉಳಿಸಿವೆ. ಅವನು ಮಂಗಳೂರಿಗೆ ಬಂದದ್ದು ೧೮೩೬ರ ಕೊನೆಯಲ್ಲಿ; ದಂಗೆಯು ಅವನ ಕಾಲದ ಮಾತು. ಆದರೆ ಅವನು ಕೊಡಗಿನಲ್ಲಿ ನೆಲೆಸಿದ್ದು ೧೮೫೩ರ ಸುಮಾರಿಗೆ. ಅಲ್ಲಿ ಅವನ ಸುತ್ತಲಿದ್ದವರು ೧೮೩೭ರಲ್ಲಿ ಕಂಪೆನಿಯ ಪಕ್ಷವನ್ನು ಹಿಡಿದು ದಂಗೆಯನ್ನು ಅಡಗಿಸಿದ ಮನೆತನಗಳವರು. ಅವರ ಬಾಯಿಂದ ಕೇಳಿದ ಕಥೆಯಲ್ಲಿ ಅವರ ಶೌರ್ಯವು ದೊಡ್ಡದಾಗಿಯೂ ಕೆಳಸೀಮೆಯ ಗೌಡರ ಸಂಕಟವು ಚಿಕ್ಕದಾಗಿಯೂ ಕಾಣುವುದು ಸಹಜ. ರಿಕ್ಟರನು ಬಹುಮಟ್ಟಿಗೆ ಮೋಗ್ಲಿಂಗನನ್ನೇ ಅನುಸರಿಸುತ್ತಾನೆ. ಇವರಿಬ್ಬರೂ ಒಂದೇ ಮಾತನ್ನು ಹೇಳುತ್ತಾರಾದ್ದರಿಂದ ಅದು ಸತ್ಯವೆಂದು ಹಲವರು ಬರೆದಿದ್ದಾರೆ. ಒಂದು ಓಲೆಯನ್ನು ನೋಡಿ ಇನ್ನೊಂದನ್ನು ಪ್ರತಿಮಾಡಿದ್ದರೆ ಸಂಪಾದಕನು ಅವುಗಳನ್ನು ಎರಡು ಪ್ರತಿಗಳೆಂದು ಲೆಕ್ಕಿಸುವುದಿಲ್ಲ. ಇಲ್ಲಿಯೂ ಸಾಕ್ಷಿ ಒಂದೇ.

ಆ ಒಂದು ಸಾಕ್ಷಿಯು ಹೇಳುವುದೇನು? ಕೊಡಗಿನ ಪತನಾನಂತರ ಅಪರಂಪಾರನೆಂಬ ಸನ್ಯಾಸಿಯೊಬ್ಬನು, ತರುವಾಯ ಕಲ್ಯಾಣಸ್ವಾಮಿಯೆಂಬವನು, ತಾವು ಹಾಲೇರಿಯ ಅರಸುಮನೆತನಕ್ಕೆ ಸೇರಿದವರೆಂದು ಹೇಳಿಕೊಂಡು ಜನರನ್ನು ಕೂಡಿಸಿದರು. ಇಬ್ಬರೂ ೧೮೩೭ರ ದಂಡಯಾತ್ರೆಗೆ ಮುಂಚೆಯೇ ಸೆರೆಸಿಕ್ಕಿದರು. ಆಮೇಲೆ ಪುಟ್ಟಬಸಪ್ಪನೆಂಬವನು ಕಲ್ಯಾಣಸ್ವಾಮಿಯ ಹೆಸರಿನಿಂದ ಸುಳ್ಯದಲ್ಲಿ ಕಾಣಿಸಿಕೊಂಡನು. ಕೆದಂಬಾಡಿ ರಾಮಯ್ಯಗೌಡ, ಕುಜುಗೋಡು ಮನೆತನದವರು, ಹುಲಿಕುಂದ ನಂಜಯ್ಯ ಮೊದಲಾದವರು ಅವನೊಡನೆ ಇದ್ದರೆಂದೂ, ನಿಜವಾದ ಕಲ್ಯಾಣಸ್ವಾಮಿಯು ಸೆರೆಯಲ್ಲಿರುವುದನ್ನು ಅರಿತೇ ಪುಟ್ಟಬಸಪ್ಪನಿಗೆ ಆ ಹೆಸರನ್ನು ಕೊಟ್ಟರೆಂದೂ ಸುಳ್ಯದ ಕಡೆಯ ಪರಂಪರೆಯು ಹೇಳುತ್ತದೆ. ಬಂಗರ ವಂಶದ ಲಕ್ಷ್ಮಪ್ಪ ಬಂಗರಸನು ದಂಗೆಯನ್ನು ಸೇರಿ ಪ್ರಾಣವನ್ನು ತೆತ್ತನು. ಮುಂದಾಳನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೆ ಹಾಕಿದರು.

ಇಲ್ಲಿ ಬರುವ ಹೆಸರುಗಳನ್ನು ಸ್ವಲ್ಪ ನಿಂತು ನೋಡತಕ್ಕದ್ದು, ಏಕೆಂದರೆ ಶೋಧಕರು ಜಾರಿ ಬೀಳುವುದು ಇಲ್ಲಿಯೇ. ಗೌಡರಲ್ಲಿ ವ್ಯಕ್ತಿಯನ್ನು ಬೇರ್ಪಡಿಸುವುದು ಮನೆಯ ಹೆಸರು. ರಾಮಗೌಡರು ಮಾಗಣೆಗೆ ನೂರು ಮಂದಿ ಇದ್ದಾರು. ಕೆದಂಬಾಡಿ ರಾಮಯ್ಯಗೌಡನು ಒಬ್ಬನೇ. ಗುಮಾಸ್ತನು ಮನೆಯ ಹೆಸರನ್ನು ಬಿಟ್ಟು ‘ರಾಮಗೌಡ’ ಎಂದಷ್ಟೇ ಬರೆದನೆಂದರೆ ಆ ಕಾಗದದ ಬೆಲೆ ಅರ್ಧಕ್ಕಿಳಿಯಿತು. ಮನೆಯ ಹೆಸರನ್ನು ಬರೆದರೂ ಅಪಾಯವು ತಪ್ಪಲಿಲ್ಲ. ಕೆದಂಬಾಡಿಯೆಂಬ ಗ್ರಾಮವು ಪುತ್ತೂರು ತಾಲೂಕಿನಲ್ಲಿದೆ, ಆದರೆ ರಾಮಯ್ಯಗೌಡನ ಮನೆಯು ಸುಳ್ಯದ ಉಬರಡ್ಕ ಮಿತ್ತೂರಿನದು. ಮನೆಯ ಹೆಸರನ್ನು ಊರ ಹೆಸರೆಂದು ತಿಳಿದ ಪರಸ್ಥಳದ ಓದುಗನು ಅವನನ್ನು ಬೇರೊಂದು ತಾಲೂಕಿನಲ್ಲಿ ಹುಡುಕುತ್ತಾ ಹೋಗುವನು. ಬಂಟರ ಮತ್ತು ತುಳುನಾಡಿನ ಅರಸುಮನೆತನಗಳ ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು. ಆಂಗ್ಲ ಪದ್ಧತಿಯ ಕಾಗದದಲ್ಲಿ ‘ಇಂಥವನ ಮಗ’ ಎಂದು ತುಂಬುವ ಸ್ಥಳವಿರುತ್ತದೆ. ಅಳಿಯಸಂತಾನದಲ್ಲಿ ಆಸ್ತಿಯೂ ಪದವಿಯೂ ಹೋಗುವುದು ಸೋದರಳಿಯನಿಗೆ. ತಂದೆಯ ಹೆಸರನ್ನು ಸರಿಯಾಗಿ ಬರೆದರೂ ಅದರಿಂದ ಮನೆತನವು ತಿಳಿಯುವುದಿಲ್ಲ. ಮಾವನ ಹೆಸರನ್ನು ಆ ಸ್ಥಳದಲ್ಲಿ ತುಂಬಿದರೆ ಮನೆತನವು ತಿಳಿದೀತು, ಸಂಬಂಧವು ಸುಳ್ಳಾಗುವುದು. ಹೀಗೆ ಒಂದೇ ಪುಟದಲ್ಲಿ ಸರಿಯಾದದ್ದು ನಿಷ್ಪ್ರಯೋಜಕವಾಗಿಯೂ ತಪ್ಪಾದದ್ದು ಉಪಯುಕ್ತವಾಗಿಯೂ ಇರಬಹುದು. ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ಅಜ್ಞಾನದಿಂದಲೇ ಮೂಲಪಾಠವು ಉಳಿಯುವ ಸಂದರ್ಭಗಳನ್ನು ಕಂಡವರಿಗೆ ಇದು ಹೊಸತಲ್ಲ.

ಇನ್ನು ನ್ಯಾಯಸ್ಥಾನದ ಹೇಳಿಕೆಗಳು. ಆರೋಪಿಯು ಆಡಿದ್ದು ತುಳುವೋ ಅರೆಭಾಷೆಯೋ. ಬರೆದದ್ದು ಕಚೇರಿಯ ಕನ್ನಡ, ಅರ್ಧ ಪಾರಸಿಯ ಮಾತುಗಳಿಂದ ತುಂಬಿದ್ದು. ಮೇಲಿನವರು ಓದಿದ್ದು ಇಂಗ್ಲಿಷು. ಮೂರು ಹೊಳೆಗಳನ್ನು ದಾಟಿದ ಮಾತಿನಲ್ಲಿ ಮೊದಲಿನ ಧ್ವನಿಯನ್ನು ಕೇಳುತ್ತೇವೆಂಬುದು ಸಾಹಸವೇ. ಧರ್ಮಶಾಸ್ತ್ರದಲ್ಲಿ ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಪ್ರತಿಜ್ಞೆ, ಪ್ರತಿವಾದಿಯ ಉತ್ತರ, ಪ್ರಮಾಣ, ನಿರ್ಣಯ. ಉತ್ತರದಲ್ಲಿಯೂ ಭೇದಗಳಿವೆ. ಆರೋಪವನ್ನು ಒಪ್ಪುವುದು ಒಂದು, ಅಲ್ಲವೆನ್ನುವುದು ಇನ್ನೊಂದು, ಕಾರ್ಯವನ್ನು ಒಪ್ಪಿ ಕಾರಣವನ್ನು ಹೇಳಿ ಅಪರಾಧವನ್ನು ನಿರಾಕರಿಸುವ ಪ್ರತ್ಯವಸ್ಕಂದನವು ಮತ್ತೊಂದು. ‘ದಂಡಿನವರು ಮನೆಗೆ ಬಂದು ಎಳೆದುಕೊಂಡು ಹೋದರು, ಹೋಗದಿದ್ದರೆ ಸುಡುತ್ತಿದ್ದರು’ ಎಂಬ ಬಗೆಯ ಉತ್ತರವನ್ನು ದಂಗೆಯ ವಿಚಾರಣೆಗಳಲ್ಲಿ ಎಲ್ಲ ದೇಶಗಳ ಆರೋಪಿಗಳೂ ಕೊಡುತ್ತಾರೆ. ಅದು ಪ್ರತ್ಯವಸ್ಕಂದನ. ಅದರಿಂದ ಮೊದಲರ್ಧವನ್ನು ಮಾತ್ರ ತೆಗೆದುಕೊಂಡು ತಪ್ಪೊಪ್ಪಿಗೆಯೆಂದು ಬರೆದರೆ ಉತ್ತರವು ಬೇರೆಯೇ ಆಗುತ್ತದೆ. ಉತ್ತರಾರ್ಧವನ್ನು ಮಾತ್ರ ನಂಬಿ ಜನರೆಲ್ಲರೂ ಬಲಾತ್ಕಾರದಿಂದ ಬಂದವರೆಂದು ಸಾಧಿಸಿದರೂ ಅಷ್ಟೇ ದೋಷ. ಆಂಗ್ಲ ಅಧಿಕಾರಿಗಳು ಅಗತ್ಯಕ್ಕೆ ತಕ್ಕಂತೆ ಎರಡನ್ನೂ ಮಾಡಬಲ್ಲವರಾಗಿದ್ದರು: ಶಿಕ್ಷೆ ವಿಧಿಸುವಾಗ ಮೊದಲನೆಯದು, ರೈತರು ಸಂತುಷ್ಟರೆಂದು ಮದರಾಸಿಗೆ ಬರೆಯುವಾಗ ಎರಡನೆಯದು.

ಬಲಾತ್ಕಾರದಿಂದ ಕೊಟ್ಟದ್ದು, ಅನುಭವಿಸಿದ್ದು, ಬರೆಯಿಸಿದ್ದು ಯಾವುದೂ ಸಲ್ಲದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಿಧಿಯಿದೆ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರನ್ನು ಪ್ರಮಾಣವಾಗಿ ಎಣಿಸಿದ ಯಾಜ್ಞವಲ್ಕ್ಯನ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ಕನ್ನಡ ನಾಡಿನಲ್ಲಿಯೇ, ಚಾಲುಕ್ಯರ ಕಲ್ಯಾಣದಲ್ಲಿ. ದಾಯವಿಭಾಗಕ್ಕೆ ಕಂಪೆನಿಯ ನ್ಯಾಯಸ್ಥಾನಗಳು ಅದೇ ಮಿತಾಕ್ಷರೆಯನ್ನು ಆಶ್ರಯಿಸಿದುವು. ಕೋಲ್‌ಬ್ರೂಕನು ೧೮೧೦ರಲ್ಲಿ ಆ ಭಾಗವನ್ನು ಭಾಷಾಂತರಿಸಿಕೊಟ್ಟಿದ್ದನು. ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಳ್ಳುವಾಗ ಬೇಕಾದ ಶಾಸ್ತ್ರವು ದೊರೆಯ ಮೇಲೆ ದಂಗೆಯೆದ್ದವನ ಹೇಳಿಕೆಯನ್ನು ತೂಗುವಾಗ ಬೇಡವಾಯಿತು. ಆದರೆ ಇಂದಿನ ಶೋಧಕನಿಗೆ ಅದನ್ನು ಬಿಡುವ ಅಗತ್ಯವೇನೂ ಇಲ್ಲ. ಮೂರು ಪ್ರಮಾಣಗಳಲ್ಲಿ ‘ಭುಕ್ತಿ’ಯನ್ನು ಈ ವಿಷಯದಲ್ಲಿ ಬರೆದವರು ಬಹಳ ಕಡಿಮೆ ಬಳಸಿದ್ದಾರೆ. ದಂಗೆಯ ಬಳಿಕ ಯಾರ ಜಮೀನು ಯಾರ ಹೆಸರಿಗೆ ಬಂದಿತು, ಯಾವ ಮನೆಯು ಪಾಳುಬಿದ್ದಿತು, ಯಾವ ವರ್ಗವು ಹರಾಜಾಯಿತು ಎಂಬುದು ಹೇಳಿಕೆಗಳಿಗಿಂತ ಬಲವಾದ ಸಾಕ್ಷಿ. ನೆಲಕ್ಕೆ ಭಯವಿಲ್ಲ, ಅದು ಯಾರ ಮೆಚ್ಚುಗೆಗಾಗಿಯೂ ಸುಳ್ಳಾಡುವುದಿಲ್ಲ.

ವರದಿಗಳನ್ನು ಓದುವ ಕ್ರಮಕ್ಕೆ ಮೀಮಾಂಸಕರಿಂದ ಒಂದು ಸಹಾಯವನ್ನು ಪಡೆಯಬಹುದು. ವೇದವಾಕ್ಯಗಳಲ್ಲಿ ಏನನ್ನು ಮಾಡಬೇಕೆಂದು ಹೇಳುವುದು ವಿಧಿ. ಅದನ್ನು ಹೊಗಳಿಯೋ ಬೇರೊಂದನ್ನು ತೆಗಳಿಯೋ ಮನಸ್ಸನ್ನು ತಿರುಗಿಸುವುದು ಅರ್ಥವಾದ. ಅರ್ಥವಾದಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ, ವಿಧಿಯೊಡನೆ ಕೂಡಿಯೇ ಅದರ ಪ್ರಯೋಜನ. ಕಚೇರಿಯ ವರದಿಯನ್ನು ಈ ದೃಷ್ಟಿಯಿಂದ ಓದಿದರೆ ‘ದರೋಡೆಗಾರರ ಗುಂಪು’, ‘ಮೂಢರಾದ ರೈತರು’, ‘ನೀಚ ವಂಚಕ’ ಎಂಬ ಬಗೆಯ ಮಾತುಗಳು ನಿಂದಾರೂಪವಾದ ಅರ್ಥವಾದಗಳು. ಅವು ಬರೆದವನ ಮನಸ್ಸಿಗೆ ಸಾಕ್ಷಿ, ಬರೆದ ವಿಷಯಕ್ಕಲ್ಲ. ಇಂಥ ದಿನ ಇಷ್ಟು ಸಿಪಾಯಿಗಳನ್ನು ಇಂಥ ಕಡವಿಗೆ ಕಳುಹಿಸತಕ್ಕದ್ದು, ಇಂಥವನಿಗೆ ಇಷ್ಟು ಹಣವನ್ನು ಸಲ್ಲಿಸತಕ್ಕದ್ದು, ಇಂಥವನನ್ನು ಗಲ್ಲಿಗೇರಿಸತಕ್ಕದ್ದು ಎಂಬುವು ವಿಧಿಗಳು. ಇವುಗಳನ್ನು ನಂಬಬಹುದು, ಏಕೆಂದರೆ ಅವುಗಳ ಮೇಲೆ ಕಾರ್ಯವು ನಡೆಯಬೇಕಾಗಿತ್ತು. ಮೂಢರಾದ ರೈತರನ್ನು ಚದುರಿಸುವುದಕ್ಕೆ ಕಣ್ಣಾನೂರಿನಿಂದ ದಂಡನ್ನು ತರಿಸಬೇಕಾಯಿತೆಂಬಲ್ಲಿ ವಿಧಿಯು ಅರ್ಥವಾದವನ್ನು ತಾನೇ ಅಲ್ಲಗಳೆಯುತ್ತದೆ.

ಹೀಗೆ ಶೋಧಿಸಿದ ಮೇಲೆ ‘ವಂಚಕ’ ಎಂಬ ಪದವು ಉಳಿಯುತ್ತದೆಯೇ? ಪೂರ್ವಪಕ್ಷವು ಹೀಗಿದೆ: ಪುಟ್ಟಬಸಪ್ಪನು ಕಲ್ಯಾಣಸ್ವಾಮಿಯಲ್ಲ; ಕಲ್ಯಾಣಸ್ವಾಮಿಯು ಹಾಲೇರಿಯ ವಂಶಜನೆಂಬುದೂ ಸಂದಿಗ್ಧ; ಆದಕಾರಣ ಇದು ವಂಚನೆಯ ಮೇಲಿನ ವಂಚನೆ; ಜನರು ಮೋಸಹೋದರು. ಇದನ್ನು ಎದುರಿಸುವ ದೇಶಾಭಿಮಾನಿಗಳು ವೇಷದ ಸಂಗತಿಯನ್ನೇ ಹಗುರಮಾಡಿ ನಡೆಯುತ್ತಾರೆ. ಎರಡೂ ಪಕ್ಷಗಳವರು ತುಳುನಾಡಿನಲ್ಲಿ ಹೆಸರೆಂಬುದಕ್ಕೆ ಇರುವ ಅರ್ಥವನ್ನು ಗಮನಿಸಿಲ್ಲ. ಇಲ್ಲಿ ಪಟ್ಟವನ್ನೇರಿದವನಿಗೆ ಪಟ್ಟದ ಹೆಸರು ಬೇರೆ. ಗುತ್ತಿನ ಯಜಮಾನನು ಗಡಿ ಹಿಡಿದಾಗ ಹುಟ್ಟುಹೆಸರು ಹಿಂದೆ ಸರಿದು ಸ್ಥಾನದ ಹೆಸರು ಮುಂದೆ ಬರುತ್ತದೆ. ಸತ್ತ ಹಿರಿಯನ ಹೆಸರು ಬದುಕಿರುವವನ ಮೇಲೆ ಬಂದು ನಿಲ್ಲುತ್ತದೆ. ಅದನ್ನು ಯಾರೂ ಮೋಸವೆನ್ನುವುದಿಲ್ಲ. ಭೂತಸ್ಥಾನದಲ್ಲಿ ಅಣಿಕಟ್ಟಿದವನು ಯಾರ ಮಗನೆಂಬುದು ಊರಿಗೆಲ್ಲ ಗೊತ್ತು; ನುಡಿಯು ಬಂದಾಗ ಅವನ ಮುಂದೆ ಕೈಮುಗಿದು ನಿಲ್ಲುವವರೂ ಆ ಊರಿನವರೇ. ಇಂಥ ನಾಡಿನಲ್ಲಿ ‘ಕಲ್ಯಾಣಸ್ವಾಮಿ’ ಎಂಬುದು ಒಬ್ಬ ಮನುಷ್ಯನ ಹೆಸರಾಗಿ ಆರಂಭವಾಗಿ ಒಂದು ಸ್ಥಾನದ ಹೆಸರಾಗಿ ಬೆಳೆಯಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಮುಖಂಡರಾದ ಗೌಡರು ತಿಳಿದೇ ಹೆಸರಿಟ್ಟರೆಂಬ ಸ್ಥಳೀಯ ಪರಂಪರೆಯು ಇದಕ್ಕೆ ಅನುಕೂಲವಾಗಿದೆ.

ಆದರೂ ಈ ವಾದವನ್ನು ಅದರ ಬಲವಿರುವಷ್ಟು ದೂರಕ್ಕೆ ಮಾತ್ರ ಒಯ್ಯಬೇಕು. ಪಟ್ಟದ ಹೆಸರನ್ನು ಹಿಡಿದವನು ತಾನು ಹಿಂದಿನವನೇ ಎಂದು ಹೇಳಿಕೊಳ್ಳುವುದಿಲ್ಲ. ಪುಟ್ಟಬಸಪ್ಪನು ಬದುಕಿದ್ದು ಸೆರೆಯಲ್ಲಿದ್ದ ಇನ್ನೊಬ್ಬನ ಹೆಸರನ್ನು ಧರಿಸಿದನು. ದೂರದ ಊರುಗಳವರು ಅವನು ಆ ಇನ್ನೊಬ್ಬನೇ ಎಂದು ನಂಬಿ ಬಂದಿರುವುದು ಸಂಭವನೀಯ. ಪೂಮಲೆಯ ಬುಡದಲ್ಲಿ ಮುಖಾಮುಖಿ ಕಂಡವರಿಗೆ ಅದು ಸ್ಥಾನದ ಹೆಸರು. ಬಂಟವಾಳದ ಪೇಟೆಯಲ್ಲಿ ಸುದ್ದಿಯನ್ನು ಮಾತ್ರ ಕೇಳಿದವರಿಗೆ ವ್ಯಕ್ತಿಯ ಹೆಸರು. ಒಂದೇ ಶಬ್ದವು ಎರಡು ಊರುಗಳಲ್ಲಿ ಎರಡು ಅರ್ಥಗಳಿಂದ ನಡೆಯಿತು. ನ್ಯಾಯಸ್ಥಾನವು ಎರಡನೆಯ ಅರ್ಥವನ್ನು ಮಾತ್ರ ತಿಳಿಯಬಲ್ಲುದಾಗಿತ್ತು. ‘ಸ್ವಾಮಿ’ಯು ‘ಅಪ್ಪ’ನಾದದ್ದನ್ನೂ ಇಲ್ಲಿಯೇ ನೋಡಬಹುದು. ಸ್ವಾಮಿಯೆಂಬುದು ಘಟ್ಟದ ಮೇಲಿನ ಜಂಗಮ ಪರಂಪರೆಯ ಗೌರವ. ಅಪ್ಪನೆಂಬುದು ಕೆಳನಾಡಿನ ಮನೆಯೊಳಗಿನ ಸಲಿಗೆ. ಘಟ್ಟವನ್ನಿಳಿದ ಹೆಸರು ನಾಡಿನ ಮಾತನ್ನು ಕಲಿತಿತು.

‘ಕಾಟಕಾಯಿ’ ಎಂಬ ಪದದ ವಿಚಾರವೂ ಇದೆ. ದಂಗೆಯನ್ನು ಗೌರವಿಸಬೇಕೆಂಬ ಹಂಬಲದಿಂದ ಇದನ್ನು ಸೇನೆ, ಬೀಡು ಎಂಬರ್ಥದ ಸಂಸ್ಕೃತ ‘ಕಟಕ’ಕ್ಕೆ ಜೋಡಿಸಲು ಯಾರಾದರೂ ಮುಂದಾಗಬಹುದು. ಮೊದಲಕ್ಷರದ ದೀರ್ಘವು ಅದಕ್ಕೆ ಅಡ್ಡಬರುತ್ತದೆ. ಕಾಟ, ಉಪದ್ರವ ಎಂಬ ಬಳಕೆಯ ಕನ್ನಡವೇ ಸಮೀಪದ್ದು, ಲೂಟಿಯೆಂಬ ರೂಢಾರ್ಥವೂ ಅದಕ್ಕೆ ಹೊಂದುತ್ತದೆ. ಈ ಪದವನ್ನು ಆಂಗ್ಲೇಯರು ಹುಟ್ಟಿಸಿದ್ದಲ್ಲ. ನೇತ್ರಾವತಿಯ ದಡದ ಅಂಗಡಿಕಾರನು, ದಂಡು ಬಂದು ಹೋದ ದಾರಿಯಲ್ಲಿ ಅಕ್ಕಿಯನ್ನೂ ಬೆಲ್ಲವನ್ನೂ ಕಳೆದುಕೊಂಡವನು ಇಟ್ಟ ಹೆಸರದು. ದಂಗೆಯನ್ನು ಅಡಗಿಸಲು ಸುಪರಿಂಟೆಂಡೆಂಟ್ ಲೆಹಾರ್ಡಿಯೊಡನೆ ಘಟ್ಟವನ್ನಿಳಿದು ಬಂದವರೂ ಕೈಬರಿದಾಗಿ ಹಿಂತಿರುಗಲಿಲ್ಲವೆಂಬುದನ್ನು ನೆನೆದರೆ, ಕಾಟಕಾಯಿ ಯಾರದೆಂಬ ಪ್ರಶ್ನೆಗೆ ಉತ್ತರವು ಇನ್ನೂ ಜಟಿಲವಾಗುವುದು. ಹೊಸ ಹೆಸರುಗಳನ್ನಿಡುವವರು ಹಳೆಯ ಹೆಸರನ್ನು ಅಳಿಸಬಾರದು. ಅಮರ ಸುಳ್ಯದ ರೈತಹೋರಾಟವೆಂದರೂ ಸರಿ, ಸಂಗ್ರಾಮವೆಂದರೂ ಸರಿ. ಅಂಗಡಿಕಾರನ ಸಾಕ್ಷ್ಯವನ್ನು ಕಡತದಿಂದ ಕಿತ್ತುಹಾಕುವ ಅಧಿಕಾರವು ಯಾರಿಗೂ ಇಲ್ಲ.

ಇತ್ತೀಚಿನ ಶೋಧಗಳಲ್ಲಿ ಎನ್. ಶ್ಯಾಮ ಭಟ್ಟರು ೧೭೯೯ರಿಂದ ೧೮೬೦ರವರೆಗಿನ ದಕ್ಷಿಣ ಕನ್ನಡವನ್ನು ಕುರಿತು ೧೯೯೮ರಲ್ಲಿ ಪ್ರಕಟಿಸಿದ ಗ್ರಂಥವು ಮುಖ್ಯವಾದುದು. ದಂಗೆಯನ್ನು ಒಂಟಿಯಾಗಿ ನೋಡದೆ ಕಂಪೆನಿಯ ಆಡಳಿತವನ್ನೂ ಅದಕ್ಕೆ ನಾಡು ತೋರಿದ ಪ್ರತಿಕ್ರಿಯೆಯನ್ನೂ ಒಟ್ಟಿಗಿರಿಸಿ ನೋಡಿದುದು ಅದರ ಗುಣ. ೧೮೩೦-೩೧ರಲ್ಲಿ ಕನ್ನಡ ಜಿಲ್ಲೆಯ ರೈತರು ಕೂಟಗಳನ್ನು ಸೇರಿಸಿ ಕಂದಾಯವನ್ನು ನಿಲ್ಲಿಸಿ ಅರ್ಜಿಗಳನ್ನು ಕೊಟ್ಟಿದ್ದರು. ಅದರ ಫಲವಾಗಿ ವಿಚಾರಣೆಯಾಗಿ ೧೮೩೩ರಲ್ಲಿ ಸ್ಟೋಕ್ಸನ ವರದಿಯು ಹೊರಟಿತು. ವ್ಯಕ್ತಿನಿರ್ಣಯಕ್ಕೆ ಈ ಕೂಟಗಳ ಮಹತ್ವವೇನೆಂದರೆ, ಅರ್ಜಿಯಲ್ಲಿ ರೈತನು ತಾನಾಗಿ ಮಾತನಾಡುತ್ತಾನೆ. ಬರೆದವನು ಶಾನುಭೋಗನೇ ಆಗಿರಲಿ, ಭಾಷೆಯು ದೈನ್ಯದ್ದೇ ಆಗಿರಲಿ, ಕೊರಳಿಗೆ ಹಗ್ಗ ಬರುವ ಮುಂಚಿನ ಮಾತು ಅದು. ೧೮೩೪ಕ್ಕೆ ಮೊದಲು ಅಮರ ಸುಳ್ಯವು ಕೊಡಗಿಗೆ ಸೇರಿದ್ದರಿಂದ ಆ ಸೀಮೆಯ ರೈತರ ಅರ್ಜಿಗಳನ್ನು ಮಂಗಳೂರಿನ ಈ ಕೂಟಗಳ ಕಾಗದಗಳಲ್ಲಿ ಹುಡುಕಬಾರದು. ಅವರನ್ನು ಹುಡುಕತಕ್ಕದ್ದು ಹಾಲೇರಿ ಅರಸರ ಲೆಕ್ಕಗಳಲ್ಲಿ. ಲಿಂಗರಾಜನು ೧೮೧೨ರಲ್ಲಿ ನಡೆಸಿದ ಶಿಸ್ತಿನ ಲೆಕ್ಕವೂ ಅವನ ಹುಕುಂನಾಮೆಯೂ ಕನ್ನಡದಲ್ಲಿಯೇ ಇವೆ. ಮಂಗಳೂರಿನ ಬೆಂಕಿಯು ಮಡಿಕೇರಿಯನ್ನು ಮುಟ್ಟಲಿಲ್ಲ.

ಕಾದಂಬರಿಗಳ ಮಾತು ಉಳಿದಿದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವು ೧೮೩೪ರ ಪತನವನ್ನು ವಸ್ತುವಾಗಿ ಉಳ್ಳದ್ದು. ಅದರ ಮುಂದಿನ ಕಥೆಯನ್ನು ಕೈಗೆತ್ತಿಕೊಂಡವರು ನೆಟ್ಟಣಕ್ಕೆ ನೆರೆಯ ಕುಲ್ಕುಂದದಲ್ಲಿ ಹುಟ್ಟಿದ ನಿರಂಜನರು (೧೯೨೪–೧೯೯೧). ‘ಕಲ್ಯಾಣಸ್ವಾಮಿ’, ‘ಸ್ವಾಮಿ ಅಪರಂಪಾರ’ ಎಂಬ ಅವರ ಎರಡು ಕೃತಿಗಳ ಹೆಸರುಗಳೇ ಅವರು ಯಾರ ಪಕ್ಷವೆಂಬುದನ್ನು ಸೂಚಿಸುತ್ತವೆ: ಸರಕಾರಿ ಕಾಗದವು ವೇಷವೆಂದು ತಳ್ಳಿದ ಹೆಸರನ್ನು ಅವರು ಗ್ರಂಥದ ಹಣೆಯ ಮೇಲೆ ಬರೆದರು. ಕವಿಗೆ ಆ ಅಧಿಕಾರವುಂಟು. ದಾಖಲೆಯು ಮೌನವಾಗಿರುವೆಡೆಯಲ್ಲಿ ಮಾತನ್ನು ತುಂಬುವುದು ಅವನ ಧರ್ಮ. ದೋಷವು ಕವಿಯದಲ್ಲ, ಓದುಗರದು. ಕಾದಂಬರಿಯಲ್ಲಿ ಬಂದ ಸಂಭಾಷಣೆಯು ಭಾಷಣದಲ್ಲಿ ಬಂದು, ಭಾಷಣದಿಂದ ಸ್ಮರಣಸಂಚಿಕೆಗೆ ಬಂದು, ಅಲ್ಲಿಂದ ಶಾಲೆಯ ಪಾಠಕ್ಕೆ ಬಂದಾಗ ಅದಕ್ಕೆ ಚರಿತ್ರೆಯ ಉಡುಪು ಬಂದಿರುತ್ತದೆ. ಉಪಾಧ್ಯಾಯರು ಪಾಠ ಹೇಳುವಾಗ ಕಾದಂಬರಿಯ ಪುಟ್ಟಬಸಪ್ಪನನ್ನೂ ಕಾಗದದ ಪುಟ್ಟಬಸಪ್ಪನನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ತೋರಿಸಿದರೆ ಇಬ್ಬರಿಗೂ ನ್ಯಾಯವಾಗುವುದು. ವಿದ್ಯಾರ್ಥಿಗೆ ಸಾಹಿತ್ಯವೂ ಚರಿತ್ರೆಯೂ ಎಲ್ಲಿ ಅಗಲುತ್ತವೆಂಬುದು ಒಂದೇ ಗಂಟೆಯಲ್ಲಿ ತಿಳಿಯುವುದು.

ಕನ್ನಡದ ದೃಷ್ಟಿಯಿಂದ ಅತ್ಯಂತ ಕುತೂಹಲಕರವಾದ ದಾಖಲೆಯು ಕಾಗದವೇ ಅಲ್ಲ, ಲೋಹ. ದಂಗೆಯನ್ನು ಅಡಗಿಸುವುದರಲ್ಲಿ ನೆರವಾದ ಕೊಡಗಿನವರಿಗೆ ಕಂಪೆನಿಯವರು ಪದಕಗಳನ್ನು ಕೊಟ್ಟರು. ಒಂದು ಮುಖದಲ್ಲಿ ಇಂಗ್ಲಿಷು, ಇನ್ನೊಂದು ಮುಖದಲ್ಲಿ ಕನ್ನಡ. ೧೮೩೭ರ ಏಪ್ರಿಲ್ ತಿಂಗಳು ಎರಡರಲ್ಲಿಯೂ ಉಂಟು. ರಾಜಭಕ್ತನಾದವನಿಗೆ ಅವನ ಭಾಷೆಯಲ್ಲಿಯೇ ಲೇಖವು ದೊರೆಯಿತು. ಅವನ ಮನೆಯಲ್ಲಿ ಅದು ಪೆಟ್ಟಿಗೆಯೊಳಗೆ ಭದ್ರವಾಗಿ ಉಳಿಯಿತು. ಅದನ್ನು ಪಡೆದ ದಿವಾನ ಬೋಪು, ದಿವಾನ ಪೊನ್ನಪ್ಪ ಇವರ ಮನೆತನ, ಸಂಬಂಧ, ಜಹಗೀರು ಯಾವುದಕ್ಕೂ ಸಂಶಯವಿಲ್ಲ. ಗಲ್ಲಿಗೇರಿದವನಿಗೆ ಸಿಕ್ಕ ಲೇಖವು ಪರಭಾಷೆಯದು, ದೂರದ ಊರಿನಲ್ಲಿರುವುದು, ಅದರಲ್ಲಿ ಅವನ ಹೆಸರೂ ಇನ್ನೊಬ್ಬನದು.

ಕೆದಂಬಾಡಿ ರಾಮಯ್ಯಗೌಡನ ಪ್ರತಿಮೆಯನ್ನು ೨೦೨೨ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡದ ಮೇಲೆ ಅನಾವರಣಗೊಳಿಸಲಾಯಿತು. ಮನೆಯ ಹೆಸರಿನೊಡನೆ ಕೆತ್ತಿದ ಆ ಪೂರ್ಣನಾಮವು ೧೮೩೭ರ ಗುಮಾಸ್ತನು ಬಿಟ್ಟಿದ್ದನ್ನು ಒಬ್ಬನ ಮಟ್ಟಿಗೆ ತುಂಬಿದೆ. ಪುಟ್ಟಬಸಪ್ಪನ ವಿಷಯದಲ್ಲಿ ಮಾಡತಕ್ಕ ಕೆಲಸವು ಬೇರೆ ಬಗೆಯದು. ಚೆನ್ನೈಯಲ್ಲಿರುವ ನ್ಯಾಯಶಾಖೆಯ ಹೇಳಿಕೆಗಳಲ್ಲಿ ಅವನನ್ನು ಕಂಡವರು ಅವನನ್ನು ಏನೆಂದು ಕರೆದರೆಂಬುದನ್ನು ಊರೂರಾಗಿ ವಿಂಗಡಿಸಬೇಕು. ಸುಳ್ಯದವರ ಬಾಯಲ್ಲಿ ಒಂದು ಹೆಸರು, ಪುತ್ತೂರಿನಾಚೆಯವರ ಬಾಯಲ್ಲಿ ಇನ್ನೊಂದು ಹೆಸರು ಬರುತ್ತದೆಯೇ ಎಂದು ನೋಡಬೇಕು. ಅದನ್ನು ಲಿಂಗರಾಜನ ಶಿಸ್ತಿನ ಮನೆಹೆಸರುಗಳಿಗೆ ಒರೆಹಚ್ಚಬೇಕು. ಇದಕ್ಕೆ ಇಂಗ್ಲಿಷನ್ನು ಬಲ್ಲವನೊಬ್ಬನು, ಕಚೇರಿಯ ಹಳಗನ್ನಡ ಮೋಡಿಯನ್ನು ಬಲ್ಲವನೊಬ್ಬನು, ಅರೆಭಾಷೆಯನ್ನು ಮನೆಯಲ್ಲಿ ಆಡುವವನೊಬ್ಬನು ಒಂದೇ ಮೇಜಿನ ಮುಂದೆ ಕುಳಿತರೆ ಸಾಕು.